ಒಗ್ಗರಣೆಯ ಪುಕ್ಕಟೆ ಸಲಹೆ

ಆಸ್ಟಿನ್‌ನಲ್ಲಿ ಕೂತು ನಾನು ಮಾಡುವ ಘನಂದಾರಿ ಕೆಲಸವೆಂದರೆ ದುಡ್ಡು ಕೊಟ್ಟವರಿಗೆ ಉತ್ತರ ಕೊಡದಿರುವುದು. ನಮ್ಮ ಕಂಪನಿ ಯಂತ್ರಗಳೊಳಗಿನ ಪುಟ್ಟ ಬೋರ್ಡುಗಳಿಗೆ ಸಾಫ್ಟ್‌ವೇರ್ ಮಾರುತ್ತದೆ. ಅದು ಕೈಕೊಟ್ಟರೆ ವಿಚಾರಿಸಲು ಸಪೋರ್ಟ್ ಎಂದು ಬೇರೆ ವಸೂಲಿ. ಗಿರಾಕಿ ಏನೇ ಕೇಳಲಿ, ಬೋರ್ಡಿನ ಲಾಗ್, ಅಂದರೆ ಅದು ತನ್ನ ಆಗುಹೋಗು ಬರೆದಿಡುವ ಕಡತ, ಕಳಿಸಿ ಅನ್ನಬೇಕು. ಕಳಿಸಿದರೆ, ಇನ್ನೊಮ್ಮೆ ಕಳಿಸಿ. ಉತ್ತರ ನಾಲಿಗೆಯ ತುದಿಯಲ್ಲಿದ್ದರೂ ಮೇಲಿನವರ ಅಪ್ಪಣೆಯಿಲ್ಲದೆ ಉಸುರುವಂತಿಲ್ಲ. ಥೂ!

ಹ್ಯೂಸ್ಟನ್ನಿನ ಶ್ರೀಶೈಲ್ ಹುಬ್ಬಳ್ಳಿ ಕಡೆಯವರು, ನೀರಿನ ಪಂಪುಗಳಿಗೆ ಕಂಟ್ರೋಲರ್ ಮಾಡುತ್ತಾರೆ. ಅವರ ಬೋರ್ಡು ಸುಮ್ಮಸುಮ್ಮನೆ ರೀಸ್ಟಾರ್ಟ್ ಆಗುತ್ತಿತ್ತು. ಲಾಗ್ ತೆರೆದು ನೋಡಿ ಬಿದ್ದು ಬಿದ್ದು ನಕ್ಕೆ. ಬೋರ್ಡು ನಿಂತಾಗಲೆಲ್ಲ ‘ಯಾಕ ಸಾಯ್ತೀಯೋ ಯಪ್ಪಾ’ ಎಂದು ಮೂಡುವಂತೆ ಪುಣ್ಯಾತ್ಮರು ಬರೆದಿಟ್ಟಿದ್ದರು.

ತಪ್ಪು ಕಣ್ಣಿಗೆ ರಾಚುತ್ತಿತ್ತು. ಆದರೂ ನಿಯಮದಂತೆ ‘ಲಾಗ್ ಇನ್ನೊಮ್ಮೆ ಕಳಿಸಿ’ ಎಂದೆ. ಸಿಟ್ಟಿಗೆದ್ದ ಅವರು, ಯಾರು ಬೇಕಾದರೂ ಉತ್ತರಿಸುವ ಫೋರಮ್ಮಿನಲ್ಲಿ ಅದೇ ಪ್ರಶ್ನೆ ಹಾಕಿದರು. ಅಲ್ಲಿ ನನ್ನ ಹೆಸರು ಒಗ್ಗರಣೆ. ಕಂಪನಿಯವರು ಅಲ್ಲಿ ಬಾಯಿ ಬಿಟ್ಟರೆ ಕೆಲಸಕ್ಕೆ ಸಂಚಕಾರ ಎಂದು ಗೊತ್ತಿದ್ದೂ ಕೈ ಸುಮ್ಮನಿರಲಿಲ್ಲ. “ಮೆಮೊರಿ ಸಾಲ್ತಿಲ್ಲ, ಜಾಸ್ತಿ ಕೊಡಿ. ಬೋರ್ಡಿಗೆ ‘ಯಾಕ ಸಾಯ್ತೀಯೋ’ ಅಂತ ಯಾಕ್ರೀ ಬೈತೀರಾ? ಉಸಿರುಗಟ್ಟಿಸಿದ್ದು ನೀವೇ!”

ಅವರ ಬೋರ್ಡು ಸರಿಹೋಯಿತು, ನನ್ನ ಗ್ರಹಚಾರ ಕೆಟ್ಟಿತು. ಫೋರಮ್ಮಿನಲ್ಲಿ ಪುಕ್ಕಟೆ ಸಿಗುವಾಗ ನಿಮ್ಮ ಸಪೋರ್ಟ್ ಯಾಕೆ, ನಿಲ್ಲಿಸುತ್ತೇನೆ ಎಂದು ಅವರು ಮೇಲ್ ಹಾಕಿದರು. ನನ್ನ ಕೈಲಿದ್ದ ದೊಡ್ಡ ಗಿರಾಕಿ ಅವರೊಬ್ಬರೇ. ಅವರು ಹೋದರೆ ನಾನೂ ಹೋದ ಹಾಗೆ.

ಅವರನ್ನು ಒಲಿಸಲು ಕರೆದ ವಿಡಿಯೊ ಮೀಟಿಂಗಿಗೆ ಡಾಲಸ್ ಆಫೀಸಿನಿಂದ ಮ್ಯಾನೇಜರ್ ಕೋಡಿಯೂ ಬಂದ. ಆ ಒಗ್ಗರಣೆ ನಮ್ಮವರೇ ಆಗಿದ್ದರೆ ಇವತ್ತೇ ಮನೆಗೆ ಕಳಿಸುತ್ತೇನೆ ಎಂದು ಮೊದಲೇ ಗುಡುಗಿದ್ದ. ಶ್ರೀಶೈಲ್ ಅವನಿಗೊಂದು ಹಲೋ ಹೇಳಿ ಕನ್ನಡಕ್ಕೆ ಹೊರಳಿದರು.

“ಕುಮುದಾ ಅವ್ರ, ಬೋರ್ಡಿಗೆ ಬೈದಿದ್ದ ಸಾಲು ನಾ ಫೋರಮ್‌ನಾಗ ಹಾಕೇ ಇಲ್ರಿ, ತಗದಿದ್ದೆ. ಅದು ಇದ್ದದ್ದು ನಿಮಗ ಕಳಿಸಿದ ಲಾಗ್‌ನಾಗ ಅಷ್ಟ.”

ಅಯ್ಯೋ ದೇವರೇ, ಕೆಟ್ಟೆ! ಕನ್ನಡದ ಗಂಧವಿಲ್ಲದ ಕೋಡಿಯತ್ತ ಕಳ್ಳನೋಟ ಬೀರಿದೆ.

“ಹೆದರಬ್ಯಾಡ್ರಿ. ಕಾಂಟ್ರಾಕ್ಟ್ ಇರ್ಲಿ, ನಿಮ್ಮ ಕೆಲಸಾನೂ ಇರ್ಲಿ. ಆದ್ರ ಕಂಪನಿಗೆ ಇನ್ನ ಒಂದ ಪ್ರಶ್ನಿನೂ ಕೇಳಂಗಿಲ್ಲ. ಏನಿದ್ರೂ ಒಗ್ಗರಣಿ ಅಕ್ಕಾರನ್ನ ಕೇಳ್ತೀನಿ. ಬೈಸ್ಕೊಂಡ್ರೂ ಅಡ್ಡಿಯಿಲ್ರಿ.”

ಏನಂತೆ ಎಂದು ಕೋಡಿ ಕೇಳಿದ.

“ಮುಂದುವರಿಸ್ತಾರಂತೆ,” ಎಂದೆ. “ನಮ್ಮ ಸಪೋರ್ಟ್ ತುಂಬಾ ಹಿಡಿಸ್ತಂತೆ.”

ಕೋಡಿಯ ಮುಖ ಅರಳಿತು. “ನೋಡಿದೆಯಾ? ಲಾಗ್ ಕೇಳು, ಲಾಗ್ ಕೇಳು ಅಂತ ನಾನು ಬಡಕೊಳ್ಳೋದು ಇದಕ್ಕೇ!”