ಕನ್ನಡಿಯೊಳಗಿನ ಕಂಬ

ಕಾರು ರಿವರ್ಸ್ ತೆಗೆಯುವ ಶಾಸ್ತ್ರವನ್ನು ಆ ಪುಣ್ಯಾತ್ಮ ಊಟದ ತಟ್ಟೆ, ಲೋಟಗಳನ್ನೇ ಸರಿಸಿ ಸರಿಸಿ ಹೆಂಡತಿಗೆ ಬೋಧಿಸಿದ್ದ. ಅವಳ ತಲೆಗೆ ಒಂದೂ ಹತ್ತಿರಲಿಲ್ಲ. ಡ್ರೈವಿಂಗ್ ಶಾಲೆಯ ಮೇಷ್ಟ್ರು ಮಾತ್ರ, "ಮೈದಾನದ ಕಂಬ ಕನ್ನಡಿಯಲ್ಲಿ ಕಂಡ್ತಾ, ಸ್ಟಿಯರಿಂಗ್ ತಿರುಗಿಸಿಬಿಡಿ" ಎಂದಿದ್ದರು. ಪರೀಕ್ಷೆಯೂ ಅದೇ ಮೈದಾನದಲ್ಲೇ ನಡೆದು, ಅವಳು ಸಲೀಸಾಗಿ ಪಾಸಾದಳು.

"ಇದೂ ಒಂದು ಕಲಿಯೋದಾ? ನಮ್ಮ ಗೇಟಿನ ಹತ್ರ ಕಂಬ ಎಲ್ಲಿದೆ?" ಎಂದು ಗಂಡ ಮೂಗು ಮುರಿದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, "ನೀವೇ ಹೋಗಿ ನಿಂತ್ಕೊಳ್ಳಿ" ಎಂದಳು. ಕಾರು ಒಂದು ಗೀರೂ ಬೀಳದೆ ಒಳಗೆ ಬಂತು.

ಅಂದಿನಿಂದ ದಿನಾ ಸಂಜೆ ನಮ್ಮ ಪಂಡಿತರು ಗೇಟಿನ ಪಕ್ಕ ನೆಟ್ಟಗೆ ನಿಲ್ಲುತ್ತಾರೆ. "ಕ್ಲಚ್ ಸ್ವಲ್ಪ..." ಎಂದು ಬಾಯಿ ತೆರೆದರೆ ಕಾರಿನೊಳಗಿಂದ ಉತ್ತರ ಬರುತ್ತದೆ:

"ರೀ, ಕಂಬ ಮಾತಾಡಲ್ಲ."