ಹಳದಿ ಪಟ್ಟಿಯ ಮೇಲೆ ಚೆಲ್ಲಿದ ಅಡಿಕೆ

ಅಡಿಕೆ ಆರಿಸುವ ಬೆಳ್ಳಮ್ಮನ ಎಡಗಾಲಿನ ಎರಡು ಬೆರಳು ಜಜ್ಜಿಹೋದ ಮಾರನೇ ದಿನ ದುರ್ಗೇಶನನ್ನು ಆಫೀಸಿಗೆ ಕರೆದರು. ಸಾಗರದ ಆ ಅಡಿಕೆ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು ಅವನೊಬ್ಬನೇ. ಸೂಪರ್‌ವೈಸರ್ ಜಟ್ಟಿಂಗಪ್ಪ ಟೈಪ್ ಮಾಡಿದ ಹಾಳೆಯೊಂದನ್ನು ಮುಂದೆ ತಳ್ಳಿದ.

"ಸೈನ್ ಹಾಕು. ನಾಳೆ ಲೇಬರ್ ಇನ್‌ಸ್ಪೆಕ್ಟರ್ ಬರ್ತಾರೆ."

ನಡೆದಾಡುವವರಿಗೆಂದೇ ಬಳಿದ ಹಳದಿ ಪಟ್ಟಿಯನ್ನು ಬಿಟ್ಟು ಬೆಳ್ಳಮ್ಮ ಗಾಡಿಯ ದಾರಿಗೆ ಇಳಿದಳು, ಕೊಟ್ಟ ಬೂಟನ್ನೂ ಹಾಕಿರಲಿಲ್ಲ, ತಪ್ಪು ಅವಳದೇ ಎಂದು ಅದರಲ್ಲಿತ್ತು. ಇದು ಫೈಲಿಗೆ ಹೋದರೆ ಅವಳಿಗೆ ಅಲ್ಲಿ ಮತ್ತೆ ಕೆಲಸವಿಲ್ಲ.

"ಯಾಕೆ ಇಳಿದ್ಲು ಅಂತ ಬರ್ದೇ ಇಲ್ವಲ್ಲ ಸಾರ್."

"ಯಾಕಾದ್ರೂ ಇಳೀಲಿ, ನಿಂಗೆಂತಕ್ಕೆ? ಹಾರ್ನ್ ಹೊಡ್ದಿದ್ಯ?"

"ಹೊಡ್ದೆ."

"ಮತ್ತೆಂತ? ಕೆಲಸ ಉಳಿಸ್ಕೊ ಪುಣ್ಯಾತ್ಮ."

ಯಾಕೆ ಇಳಿದಳೆಂದು ದುರ್ಗೇಶನಿಗೆ ಗೊತ್ತಿತ್ತು. ನಿನ್ನೆ ಬೆಳಿಗ್ಗೆ ಅವನ ಫೋರ್ಕಿನ ತುದಿ ತಾಗಿ ಚೀಲವೊಂದು ಹರಿದು, ಹಳದಿ ಪಟ್ಟಿಯ ಮೇಲೆ ಮಾರುದ್ದಕ್ಕೆ ಅಡಿಕೆ ಚೆಲ್ಲಿತ್ತು. ಲಾರಿ ಕಾಯುತ್ತಿತ್ತು. ಆಮೇಲೆ ಗುಡಿಸಿದರಾಯಿತೆಂದು ಅವನು ಲೋಡಿನ ಕಡೆ ಹೋಗಿದ್ದ. ಅಲ್ಲಿ ಅಡಿಕೆ ಆರಿಸುವ ಹೆಂಗಸರು ರಾಶಿಯ ಹತ್ತಿರ ಮೆಟ್ಟು ಹಾಕುವುದಿಲ್ಲ. ಬೂಟನ್ನೂ ಬಾಗಿಲಲ್ಲೇ ಬಿಡುತ್ತಾರೆ. ಬರಿಗಾಲಲ್ಲೂ ಅಡಿಕೆ ತುಳಿಯುವುದಿಲ್ಲ. ತಪ್ಪಿ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬೆಳ್ಳಮ್ಮ ಚೆಲ್ಲಿದ್ದನ್ನು ತುಳಿಯದೆ ಪಟ್ಟಿಯಿಂದಿಳಿದು ಸುತ್ತಿ ಬಂದಳು. ಚೀಲದ ಅಟ್ಟಿಯ ಮೂಲೆಯಿಂದ ಅವಳು ಈಚೆ ಬರುವುದಕ್ಕೂ ಅವನು ಗಾಡಿಯನ್ನು ರಿವರ್ಸ್ ತೆಗೆಯುವುದಕ್ಕೂ ಸರಿಹೋಯಿತು.

ಸಂಜೆ ಆಸ್ಪತ್ರೆಯಲ್ಲಿ ಅವಳೇ ಸಮಾಧಾನ ಹೇಳಿದ್ದಳು. "ನಿಂದೆಂತ ತಪ್ಪೋ ಮಾರಾಯ? ನನ್ ಕಣ್ಣು ಅಡಿಕೆ ಮೇಲಿತ್ತು." ಚೀಲ ಹರಿದದ್ದು ಯಾರೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ದುರ್ಗೇಶ ಪೆನ್ನು ತೆಗೆದುಕೊಂಡು ತಪ್ಪು ಅವಳದೇ ಎಂಬ ಕೊನೆಯ ಸಾಲು ಹೊಡೆದುಹಾಕಿದ. ಕೆಳಗೆ ಬರೆದ: 'ಚೀಲ ಹರಿದದ್ದು ನನ್ನಿಂದ. ಗುಡಿಸದೆ ಬಿಟ್ಟವನೂ ನಾನೇ. ಅವರು ಅಡಿಕೆ ತುಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು.' ಸೈನ್ ಹಾಕಿದ.

ಜಟ್ಟಿಂಗಪ್ಪ ಎರಡು ಸಲ ಓದಿದ.

"ಭಾರೀ ದೊಡ್ಡ ಮನುಷ್ಯ ಆಗ್ಬಿಟ್ಟೆ ಕಣೋ. ಇನ್ನೊಂದು ಪ್ರಿಂಟ್ ತೆಗೀತೀನಿ, ನೆಟ್ಟಗೆ ಸೈನ್ ಹಾಕ್ತೀಯ?"

"ಇಲ್ಲ ಸಾರ್."

"ಹಂಗಾದ್ರೆ ಗಾಡಿ ಕೀ ಇಲ್ಲಿಡು."

ಇಟ್ಟ. ಅಂಗಳದಲ್ಲಿ ಲಾರಿ ಡ್ರೈವರ್ ಅಡ್ಡ ಬಂದು, "ನನ್ ಲೋಡ್ ಯಾರು ಹಾಕ್ತಾರೆ ಈಗ?" ಎಂದ.

"ಒಳಗೆ ಕೇಳಿ."

ಊರಿಗೆ ಹೋಗುವ ಹೊಸನಗರದ ಬಸ್ಸಿಗೆ ಇನ್ನೂ ಹೊತ್ತಿತ್ತು. ದುರ್ಗೇಶ ಆಸ್ಪತ್ರೆಯ ಕಡೆ ನಡೆದ. ಬೆಳ್ಳಮ್ಮನಿಗೆ ಹೇಳುವುದು ಬಾಕಿಯಿತ್ತು, ಬೈದರೆ ಬೈಯಲಿ.