ತಟ್ಟೆ ತೊಳೆದ ನೀರು

ಓಂಕಾರೇಶನನ್ನು ಉಪ್ಪಿನಲ್ಲೇ ಕೊಲ್ಲಬೇಕು ಎಂದು ವಿಮಲಮ್ಮ ತೀರ್ಮಾನಿಸಿದ್ದು ಸತ್ತ ಗಂಡನ ಶಿವಗಣಾರಾಧನೆ ಮುಗಿದ ಮರುದಿನ.

ಓಂಕಾರೇಶ ಅವಳ ಮೈದುನ. ಗಂಡ ಷಣ್ಮುಖಪ್ಪನಿಗೆ ಬಿಪಿ ಇದೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟಾಗ, ಅಜ್ಜಂಪುರದ ಇದೇ ಜಗಲಿಯ ಮೇಲೆ ಕೂತು ಬುದ್ಧಿ ಹೇಳಿದ ಮಹಾನುಭಾವ ಅವನೇ. "ಮಾತ್ರೆ ಒಂದ್ಸಲ ಶುರು ಮಾಡಿದ್ರೆ ಸಾಯೋತನ್ಕ ಬಿಡಂಗಿಲ್ಲ ಕಣಣ್ಣ. ಅದೆಲ್ಲ ಕೈಲಾಗದೋರ ಕೆಲ್ಸ," ಎಂದು ನಕ್ಕು, ಅಣ್ಣನ ಕೈಗೊಂದು ಬೀಡಿಯನ್ನೂ ಕೊಟ್ಟಿದ್ದ. ಷಣ್ಮುಖಪ್ಪ ಮಾತ್ರೆಯನ್ನು ಅಟ್ಟಕ್ಕೆಸೆದ. ಎಂಟು ತಿಂಗಳಿಗೆ ಈರುಳ್ಳಿ ಮಂಡಿಯಲ್ಲಿ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ಐವತ್ತಮೂರು ಸಾಯುವ ವಯಸ್ಸೇ?

ಓಂಕಾರೇಶ ಪ್ರತಿ ಸಂತೆಯ ದಿನ ಕಡೂರಿನಿಂದ ಬಂದು ಅವಳ ಮನೆಯಲ್ಲೇ ಉಣ್ಣುತ್ತಿದ್ದ. ಆ ಮನೆಯಲ್ಲಿ ಅನ್ನವೆಂದರೆ ಪ್ರಸಾದ. ತಟ್ಟೆಗೆ ಬಿದ್ದದ್ದನ್ನು ಬಿಡುವಂತಿಲ್ಲ, ಉಂಡಾದ ಮೇಲೆ ತಟ್ಟೆ ತೊಳೆದು ಆ ನೀರನ್ನೂ ಕುಡಿಯಬೇಕು. ವಿಮಲಮ್ಮನಿಗೆ ಇನ್ನೇನು ಬೇಕಿತ್ತು? ಸಾರಿಗೆ ಎರಡು ಚಮಚ ಉಪ್ಪು ಹೆಚ್ಚಿಗೆ ಹಾಕಿದಳು. ಹಪ್ಪಳ, ಸಂಡಿಗೆ, ಎಣ್ಣೆ ತೊಟ್ಟಿಕ್ಕುವ ಬೋಂಡ, ಉಪ್ಪಿನಕಾಯಿ ಬಡಿಸಿದಳು. "ಇನ್ನೊಂದು ಹಾಕ್ಸ್ಕೋ ಓಂಕಾರಪ್ಪ, ನಿಮ್ಮಣ್ಣನ ಹೆಸ್ರಲ್ಲಿ," ಎನ್ನುವಳು. ಅವನು ಬೆವರುತ್ತ ಉಣ್ಣುವನು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಅವಳು ಒಲೆಯ ಮುಂದೆ ಗೊಣಗುವಳು. ಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲುವಂತಿಲ್ಲವಲ್ಲ, ಮುಂದಿನ ಮೂರು ದಿನ ಅದನ್ನು ತಾನೇ ಬಿಸಿ ಮಾಡಿ ಉಣ್ಣುವಳು.

ಹೀಗೆ ಒಂದೂವರೆ ವರ್ಷ ಕಳೆಯಿತು. ಒಂದು ಸಂತೆಯ ದಿನ ನರ್ಸ್ ಸಂಗೀತಾ ಬಿಪಿ ಮಿಷನ್ ಹಿಡಿದು ಮನೆಗೆ ಬಂದಳು. ಮೂವತ್ತು ದಾಟಿದವರನ್ನೆಲ್ಲ ಪರೀಕ್ಷೆ ಮಾಡಬೇಕಂತೆ. ಮೊದಲು ವಿಮಲಮ್ಮನ ತೋಳಿಗೆ ಪಟ್ಟಿ ಕಟ್ಟಿದವಳು ಎರಡು ಸಲ ನೋಡಿದಳು.

"ನೂರಾ ತೊಂಬತ್ತು ಐತಲ್ಲಮ್ಮಾ! ಉಪ್ಪು ಜಾಸ್ತಿ ತಿಂತೀರಾ?"

ಉಂಡು ಕೂತಿದ್ದ ಓಂಕಾರೇಶನಿಗೆ ನೂರಾ ಮೂವತ್ತು! ವಿಮಲಮ್ಮನ ಹೊಟ್ಟೆ ಉರಿದುಹೋಯಿತು. ನೀರು ತರುವ ನೆಪದಲ್ಲಿ ಒಳಗೆ ಹೋದಳು. ಬಾಗಿಲ ಸಂದಿಯಿಂದ ಅವನ ಪಿಸುಮಾತು ಕೇಳಿತು.

"ಆರು ವರ್ಷದಿಂದ ಮಾತ್ರೆ ತಗೋತಿದೀನಿ ಕಣಮ್ಮ. ಬೀಡೀನೂ ಬಿಟ್ಟೆ. ದಿನಾ ಬೆಳಿಗ್ಗೆ ಸ್ಟೇಷನ್‌ತನ್ಕ ನಡೀತೀನಿ. ಇಷ್ಟು ಉಪ್ಪು ಉಣ್ಣೋದು ಸಂತೆ ದಿನ ಇಲ್ಲಿ ಮಾತ್ರ. ಯಾರಿಗೂ ಹೇಳ್ಬೇಡ, ಮರ್ಯಾದೆ ಪ್ರಶ್ನೆ."

"ಅದ್ಕೇ ನೀವು ಗಟ್ಟಿಯಾಗಿದೀರ. ವಾರಕ್ಕೊಂದಿನ ಉಪ್ಪುಂಡ್ರೆ ಹೆಂಗೋ ತಡಕೋಬೋದು, ದಿನಾ ಉಂಡೋರಿಗೇ ಹೃದಯಕ್ಕೆ ಹೊಡ್ತ," ಎಂದಳು ಸಂಗೀತಾ.

ಆರು ವರ್ಷ! ಗಂಡ ಸತ್ತು ಎರಡು ವರ್ಷವೂ ಆಗಿಲ್ಲ. ಅಂದರೆ ಅಣ್ಣನಿಗೆ ಬೀಡಿ ಕೊಟ್ಟು ಬುದ್ಧಿ ಹೇಳಿದ ದಿನವೂ ಈ ಬೋಳಿಮಗ ಬೆಳಿಗ್ಗೆ ತನ್ನ ಮಾತ್ರೆ ನುಂಗಿಯೇ ಬಂದಿದ್ದ. ಆ ಗಳಿಗೆಯಲ್ಲಿ ಅವಳ ಕೈಗೆ ಮಚ್ಚು ಸಿಕ್ಕಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ಮಚ್ಚು ಸಿಗಲಿಲ್ಲ. ಸಂಗೀತಾ ಕೊಟ್ಟ ಚೀಟಿ ಹಿಡಿದು ಮರುದಿನವೇ ಆಸ್ಪತ್ರೆಗೆ ಹೋದಳು. ಮಾತ್ರೆ ಶುರು ಮಾಡಿದಳು, ಉಪ್ಪಿನಕಾಯಿ ಜಾಡಿಯನ್ನು ಪಕ್ಕದ ಮನೆಗೆ ಕೊಟ್ಟಳು, ಬೆಳಗಾದರೆ ನಡೆಯತೊಡಗಿದಳು. ಅವನಿಗಿಂತ ಮುಂಚೆ ತಾನು ಸಾಯಬಾರದು ಎಂಬ ಹಟ ಅವಳನ್ನು ನಡೆಸಿತು.

ಗಂಡನ ಎರಡನೇ ವರ್ಷದ ಪುಣ್ಯದಿನ ನೆಂಟರೆಲ್ಲ ಪಂಕ್ತಿಯಲ್ಲಿ ಕೂತರು. ವಿಮಲಮ್ಮ ಓಂಕಾರೇಶನಿಗೆ ಮುದ್ದೆ, ಸಪ್ಪೆ ಸೊಪ್ಪಿನ ಸಾರು ಬಡಿಸಿ, ತಟ್ಟೆಯ ಅಂಚಿಗೆ ಒಂದು ಮಾತ್ರೆ ಇಟ್ಟಳು. ಅವನ ಹೆಂಡತಿ ಕೋಮಲಾಳನ್ನು ಕೇಳಿ ತರಿಸಿಕೊಂಡಿದ್ದ, ಅವನದೇ ಮಾತ್ರೆ.

"ನುಂಗು. ನಿಮ್ಮಣ್ಣಂಗೆ ಬ್ಯಾಡ ಅಂದಿದ್ಯಲ್ಲ, ಅದೇ ಮಾತ್ರೆ. ಎಷ್ಟು ವರ್ಷದಿಂದ ತಗೋತಿದೀಯ, ಎಲ್ಲರ ಮುಂದೆ ಹೇಳು."

ಓಂಕಾರೇಶನ ಮುಖ ಸುಟ್ಟ ಬದನೆಕಾಯಿಯಾಯಿತು. "ಆರು ವರ್ಷ... ಅಣ್ಣನ ಮುಂದೆ ಕಮ್ಮಿ ಆಗ್ಬಾರ್ದು ಅಂತ ಹಂಗಂದೆ ಅತ್ತಿಗೆ. ಅವ್ನು ನಿಜ್ವಾಗ್ಲೂ ಬಿಡ್ತಾನೆ ಅಂದ್ಕೊಳ್ಲಿಲ್ಲ," ಎಂದು ಅಳತೊಡಗಿದ. ಏಳಲು ನೋಡಿದ. ತಟ್ಟೆಯಲ್ಲಿ ಪ್ರಸಾದ ಬಿಟ್ಟು ಏಳುವುದು ಹೇಗೆ?

ಅಳುತ್ತಲೇ ಉಂಡ. ಮಾತ್ರೆ ನುಂಗಿದ. ತಟ್ಟೆ ತೊಳೆದು ನೀರು ಕುಡಿದ. ವಿಮಲಮ್ಮ ಎದುರಿಗೆ ನಿಂತು ಕೊನೆಯ ಗುಟುಕಿನವರೆಗೂ ನೋಡಿದಳು.

"ದಿನಾ ಮಾತ್ರೆ ತಗೋ, ದಿನಾ ನಡಿ, ನೂರು ವರ್ಷ ಬದುಕು ಓಂಕಾರಪ್ಪ. ನಾನೂ ಬದುಕ್ತೀನಿ. ಪ್ರತಿ ವರ್ಷ ಈ ದಿನ ಇದೇ ಜಾಗದಲ್ಲಿ ಕೂತು ಈ ಮಾತು ನೀನು ಮತ್ತೆ ಹೇಳ್ಬೇಕು."